ಮರದ ಹಲಗೆಯಲ್ಲಿ ಜಲಪಾತ

ಹರಿಯುವ ನೀರಿಗೆ ಗೆರೆ ಎಲ್ಲಿದೆ ಹೇಳಿ ಮಕ್ಕಳೇ? ಮನೆಯ ಚಿತ್ರಕ್ಕೆ ಗೋಡೆಯಿದೆ, ಮರಕ್ಕೆ ಎಲೆಯಿದೆ. ನೀರು ಮಾತ್ರ ಕ್ಷಣಕ್ಕೊಂದು ರೂಪ. ಅಂಥ ನೀರನ್ನು ಗಟ್ಟಿ ಮರದಲ್ಲಿ ಕೆತ್ತಿ ತೋರಿಸಬೇಕೆಂದರೆ?

ಜಪಾನಿನ ಚಿತ್ರಕಾರ ಹೊಕುಸಾಯ್ 1833ರ ಸುಮಾರಿಗೆ ತಮ್ಮ ನಾಡಿನ ಎಂಟು ಜಲಪಾತಗಳ ಚಿತ್ರಮಾಲೆ ಮಾಡಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. (ನನ್ನದೇ ವಯಸ್ಸು! ನನಗೆ ಕನ್ನಡಕವಿಲ್ಲದೆ ಪಾಸ್‌ಬುಕ್ಕೂ ಕಾಣದು.)

ಅಚ್ಚಿನ ಕೆಲಸವನ್ನು ಮೊಮ್ಮಗನಿಗೆ ನಾನು ಬ್ಯಾಂಕಿನ ರಬ್ಬರ್ ಮೊಹರು ತೋರಿಸಿ ವಿವರಿಸಿದೆ. ಉಬ್ಬಿದ್ದಕ್ಕೆ ಬಣ್ಣ ಹತ್ತುತ್ತದೆ, ತಗ್ಗಿದ್ದು ಬಿಳಿಯಾಗಿ ಉಳಿಯುತ್ತದೆ. ತೆಳು ಕಾಗದದ ಮೇಲೆ ಬರೆದ ಚಿತ್ರವನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸುತ್ತಿದ್ದರು. ಕೆತ್ತುವವನು ಗೆರೆಗಳನ್ನಷ್ಟೇ ಉಳಿಸಿ ಮಿಕ್ಕ ಮರವನ್ನು ತೆಗೆಯುತ್ತಿದ್ದ. ಮೂಲಚಿತ್ರ ಅಲ್ಲಿಗೇ ಚೂರುಚೂರು! ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು. ಹಲಗೆಯ ಮೇಲೆ ಕಾಗದವಿಟ್ಟು ಹಿಂಬದಿಯಿಂದ ಕೈಯಲ್ಲೇ ಉಜ್ಜಿ ಒತ್ತುತ್ತಿದ್ದರು, ಯಂತ್ರವಿಲ್ಲ. ಹಲಗೆಯ ಮೇಲಿನ ಬಣ್ಣವನ್ನು ಒದ್ದೆ ಮಾಡಿ ತೀಡಿದರೆ ಕಡು ನೀಲಿ ಮೆಲ್ಲಗೆ ತಿಳಿಯಾಗುತ್ತ ಹೋಗುತ್ತದೆ. ಇದಕ್ಕೆ ಬೊಕಾಶಿ ಎನ್ನುತ್ತಾರೆ.

ಹಾಗಾದರೆ ಬಿಳಿ ನೀರಿಗೆ ಬಣ್ಣ ಯಾವುದು? ಯಾವುದೂ ಇಲ್ಲ, ಅದು ಬರೀ ಕಾಗದ. ನೀಲಿ ಮಾತ್ರ ಬರ್ಲಿನ್‌ನಲ್ಲಿ ಮೊದಲು ತಯಾರಾದ, ಹಡಗಿನಲ್ಲಿ ಜಪಾನಿಗೆ ಬಂದ ಬಣ್ಣ.

ಎಂಟರಲ್ಲಿ ನನಗೆ ಹೆಚ್ಚು ಇಷ್ಟ ಕಿರಿಫುರಿ. ನೀರು ದೊಡ್ಡ ಮರದ ಬೇರುಗಳಂತೆ ಕವಲೊಡೆದು ಬಂಡೆ ಮೇಲಿಂದ ಇಳಿಯುತ್ತದೆ. ಬುಡದಲ್ಲಿ ನಿಂತವರು ಕತ್ತೆತ್ತಿ ನೋಡುತ್ತಿದ್ದಾರೆ. ಅವರು ಅಷ್ಟು ಪುಟ್ಟದಾಗಿರುವುದರಿಂದಲೇ ಜಲಪಾತ ಅಷ್ಟು ಎತ್ತರ ಕಾಣುತ್ತದೆ. ಅಮಿದಾ ಜಲಪಾತವೇ ಬೇರೆ ಬಗೆ. ಮೇಲೆ ದುಂಡನೆಯ ಮಡುವಿನಲ್ಲಿ ಬಳುಕುವ ಗೆರೆಗಳು, ಅಂಚು ದಾಟಿದೊಡನೆ ನೇರ ಗೆರೆಗಳು. ನಿಧಾನದ ನೀರು ಧುಮ್ಮಿಕ್ಕುವ ಗಳಿಗೆ ಅದು! ಪಕ್ಕದ ಬಂಡೆಯ ಮೇಲೆ ಮೂವರು ಆರಾಮಾಗಿ ಕೂತಿದ್ದಾರೆ.

ಹೊಕುಸಾಯ್ ಹುಡುಗನಾಗಿದ್ದಾಗ ಮರ ಕೆತ್ತುವ ಕೆಲಸವನ್ನೇ ಕಲಿತವರು. ಯಾವ ಗೆರೆ ಮರದಲ್ಲಿ ನಿಲ್ಲುತ್ತದೆಂದು ಅವರ ಕೈಗೆ ಗೊತ್ತಿತ್ತು. ಅಷ್ಟಾದರೂ, ಎಪ್ಪತ್ತಕ್ಕೆ ಮುಂಚೆ ತಾವು ಬರೆದದ್ದು ಲೆಕ್ಕಕ್ಕಿಲ್ಲವೆಂದು 1834ರ ತಮ್ಮ ಪುಸ್ತಕದಲ್ಲಿ ಹೇಳಿಕೊಂಡರು. ಅಜ್ಜಂದಿರೇ, ಕೇಳಿದಿರಾ?

ಮಾಲೆಯ ಇನ್ನೊಂದು ಚಿತ್ರ ಯೋಶಿನೋದ್ದು. ಯೋಶಿತ್ಸುನೆ ಎಂಬ ವೀರ ಅಲ್ಲಿ ಕುದುರೆ ತೊಳೆದನೆಂದು ಪ್ರತೀತಿ. ಚಿತ್ರದಲ್ಲಿ ವೀರನಿಲ್ಲ. ಅಂಕುಡೊಂಕಾಗಿ ಇಳಿದು ಬಂದ ನೀರಿನಲ್ಲಿ ಇಬ್ಬರು ಸಾಮಾನ್ಯರು ಕುದುರೆಯ ಮೈ ಉಜ್ಜುತ್ತಿದ್ದಾರೆ.