ಎಳೆಯರ ದುರ್ವರ್ತನೆಯ ಮೂಲವು

ಹನ್ನೆರಡು ಹದಿಮೂರು ವಯಸ್ಸಿನ ಬಾಲಕನೊಬ್ಬನು ತನಗಿಂತ ಚಿಕ್ಕ ಮಗುವಿನೊಡನೆ ಅಸಭ್ಯವಾಗಿ ನಡೆದನೆಂಬ ಸುದ್ದಿಯು ಕಿವಿಗೆ ಬಿದ್ದೊಡನೆ ನಮ್ಮ ರಾಣೆಬೆನ್ನೂರ ಸೀಮೆಯಲ್ಲಿ ಎರಡೇ ಮಾತುಗಳು ಹೊರಡುವವು. ಹುಟ್ಟುಗುಣ ಸುಟ್ಟರೂ ಹೋಗದೆಂಬದೊಂದು. ಹುಡುಗಾಟಿಕೆ, ದೊಡ್ಡವನಾದರೆ ತಾನೇ ತಿಳಿಯುವದೆಂಬದಿನ್ನೊಂದು. ಎರಡೂ ಸತ್ಯಕ್ಕೆ ದೂರವಾದವು. ಇಂಥ ವಿಷಯವು ಸ್ಮರಣ ಸಂಚಿಕೆಗೆ ತಕ್ಕುದೇ ಎಂದು ಕೆಲವರು ಕೇಳಬಹುದು. ಇಲ್ಲಿ ಕಲಿತ ಬಾಲಿಕೆಯರು ಇಂದು ತಾಯಂದಿರೂ ಶಿಕ್ಷಕಿಯರೂ ಆಗಿರುವಾಗ ಅವರಿಗಲ್ಲದೆ ಮತ್ತಾರಿಗೆ ಹೇಳೋಣ?

ಲಂಡನ್ನಿನ ವೈದ್ಯರಾದ ಜಾನ್ ಬೌಲ್ಬಿಯವರು 1944ರಲ್ಲಿ ಕಳವಿಗೆ ಬಿದ್ದ 44 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ಯಾರ ಮೇಲೂ ಮಮತೆಯಿಲ್ಲದಂತೆ ತೋರಿದ 14 ಮಕ್ಕಳ ಪೈಕಿ 12 ಮಂದಿ ಶೈಶವದಲ್ಲಿ ತಾಯಿಯಿಂದ ಬಹುಕಾಲ ಅಗಲಿದವರಾಗಿದ್ದರು. ಇದನ್ನು ಓದಿ ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುವ ತಾಯಿಯು ತನ್ನನ್ನು ಹಳಿದುಕೊಳ್ಳಬೇಕಾಗಿಲ್ಲ. ಮೈಕೇಲ್ ರಟರರು 1972ರಲ್ಲಿ ಈ ವಿಚಾರವನ್ನು ಮರುಪರೀಕ್ಷಿಸಿ, ತಾಯಿಯ ಅಗಲಿಕೆಯೊಂದೇ ಕಾರಣವಲ್ಲವೆಂದು ತೋರಿಸಿದರು. ಮನೆಯಲ್ಲಿ ಅಕ್ಕರೆಯ ಅಜ್ಜಿಯಿದ್ದರೆ ಮಗುವಿಗೆ ಆಧಾರವುಂಟು. ನಿತ್ಯದ ಕಲಹ, ಹೊಡೆತ, ಯಾರೂ ಲಕ್ಷ್ಯಗೊಡದಿರುವಿಕೆ, ಇವೇ ಹೆಚ್ಚು ಘಾತಕವಾದವು.

ತಾನೇ ಲೈಂಗಿಕ ಪೀಡೆಗೊಳಗಾದ ಮಗುವು ಮುಂದೆ ಪೀಡಿಸುವದೆಂಬ ನಂಬಿಕೆಯೊಂದುಂಟು. ಪೀಡಿಸಿದ ಬಾಲಕರಲ್ಲಿ ಹಲವರು ಹಿಂದೆ ನೊಂದವರೆಂಬದು ನಿಜ; ಆದರೆ ನೊಂದವರಲ್ಲಿ ಬಹುತೇಕರು ಯಾರನ್ನೂ ಪೀಡಿಸುವದಿಲ್ಲ. ಈ ಭೇದವನ್ನು ಮರೆತರೆ ನೊಂದ ಮಗುವಿಗೆ ಎರಡನೆಯ ಸಲ ಅನ್ಯಾಯವಾಗುವದು. ಬಾಲಿಕೆಯರಲ್ಲಿಯಂತೂ ನೋವು ಹೆಚ್ಚಾಗಿ ಒಳಮುಖವಾಗಿ ಹರಿದು ತಮ್ಮ ದೇಹವನ್ನೇ ಗಾಯಪಡಿಸಿಕೊಳ್ಳುವದು, ಕ್ಷಣಕ್ಕೊಂದು ಮನಸ್ಸಾಗುವದು, ಆಪ್ತರನ್ನು ಅಪ್ಪುವದು ಹಾಗೂ ದೂಡುವದು, ಈ ರೂಪಗಳನ್ನು ತಾಳುವದು. ಅದನ್ನು ನಾವು ಹಟವೆಂದು ಕರೆಯುತ್ತೇವೆ. ಇವುಗಳೊಡನೆ ಇಂದು ಮೊಬೈಲಿನ ಅಶ್ಲೀಲ ದೃಶ್ಯಗಳೂ ಕೂಡಿವೆ. ಮನೆಯವರು ಬಾಯಿ ಬಿಡದ ವಿಷಯವನ್ನು ಅದು ವಿಕಾರವಾಗಿ ಕಲಿಸುವದು.

ಹಾಗಾದರೆ ಇಂಥವರು ಜನ್ಮವಿಡೀ ಹೀಗೆಯೇ ಉಳಿಯುವರೇ? ಟೆರಿ ಮಾಫಿಟ್ ಎಂಬ ವಿದುಷಿಯು 1993ರಲ್ಲಿ ದುರ್ವರ್ತನೆಯ ಎರಡು ದಾರಿಗಳನ್ನು ಬೇರ್ಪಡಿಸಿದಳು: ಶೈಶವದಿಂದಲೇ ಬೆಳೆದು ಬರುವ ಅಲ್ಪಸಂಖ್ಯಾತರದೊಂದು, ಹರೆಯದಲ್ಲಿ ತಲೆದೋರಿ ಹರೆಯದೊಡನೆ ಅಡಗುವ ಬಹುಸಂಖ್ಯಾತರದೊಂದು. ಲೈಂಗಿಕ ಅಪರಾಧಕ್ಕೆ ಸಿಕ್ಕ ಬಾಲಕರ ಕುರಿತಾದ ನೂರಕ್ಕೂ ಮಿಕ್ಕ ಅಧ್ಯಯನ ಸಮೂಹಗಳನ್ನು 2016ರಲ್ಲಿ ಕಾಲ್ಡ್‌ವೆಲ್ ಎಂಬವರು ಒಟ್ಟುಗೂಡಿಸಿ ನೋಡಲಾಗಿ, ಸುಮಾರು 5 ವರ್ಷಗಳಲ್ಲಿ ಅದೇ ಬಗೆಯ ಅಪರಾಧಕ್ಕೆ ಮರಳಿ ಸಿಕ್ಕವರು ನೂರಕ್ಕೆ ಐವರಷ್ಟೇ. ವೈದ್ಯರು ಸಹ 18 ತುಂಬದವರಿಗೆ ಸಮಾಜವಿರೋಧಿ ವ್ಯಕ್ತಿತ್ವವೆಂಬ ಹೆಸರನ್ನು ಹಚ್ಚುವದಿಲ್ಲ. ನೆರೆಹೊರೆಯವರಾದರೋ ಅದನ್ನು ಒಂದೇ ಸಂಜೆಯಲ್ಲಿ ಹಚ್ಚಿಬಿಡುವರು.

ಆದರೆ ಮುಚ್ಚಿಡುವದೂ ಸಲ್ಲದು. 2012ರ ಪೋಕ್ಸೋ ಕಾಯಿದೆಯ ಮೇರೆಗೆ, ಇಂಥ ಕೃತ್ಯವನ್ನರಿತವರು ಪೋಲೀಸರಿಗೆ ತಿಳಿಸಲೇಬೇಕು. ಪೀಡಿಸಿದವನೂ ಬಾಲಕನಾಗಿದ್ದರೆ 2015ರ ಬಾಲನ್ಯಾಯ ಕಾಯಿದೆಯ ಮಂಡಳಿಯು ವಿಚಾರಿಸುವದು. ಮನೆಯಲ್ಲಿ ಮೊದಲು ಮಾಡತಕ್ಕದ್ದು, ನೊಂದ ಮಗುವಿನ ಮಾತನ್ನು ಗದರಿಸದೆ ಕೇಳಿ, ಅದೇ ದಿನ ಆ ಇಬ್ಬರನ್ನೂ ಬೇರೆಬೇರೆ ಇರಿಸುವದು. ಬಳಿಕ 1098ಕ್ಕೆ ಕರೆ ಮಾಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೆ ಇಬ್ಬರನ್ನೂ, ಬೇರೆಬೇರೆಯಾಗಿಯೇ, ಕರೆದೊಯ್ಯಬಹುದು.