ಬಂದವರಿಗೆ ಬಿದ್ದ ಹೆಸರು

ಮದ್ದೂರು ವಡೆ ಮದ್ದೂರಿನವರದ್ದಲ್ಲ ಎಂದರೆ ಆ ಊರಿನಲ್ಲಿ ಜಗಳವೇ ಆದೀತು. ಆದರೆ 1917ರಲ್ಲಿ ಅಲ್ಲಿನ ರೈಲು ನಿಲ್ದಾಣದಲ್ಲಿ ಅದನ್ನು ಮೊದಲು ತಟ್ಟಿ ಕರಿದವರೆಂದು ಹೆಸರಾದ ರಾಮಚಂದ್ರ ಬುಧ್ಯ ಕರಾವಳಿಯ ಕಡೆಯಿಂದ ಬಂದವರು. ರವೆ, ಮೈದಾ, ಅಕ್ಕಿಹಿಟ್ಟಿಗೆ ಹೆಚ್ಚಿದ ಈರುಳ್ಳಿ, ಕರಿಬೇವು ಸೇರಿಸಿ ಗಟ್ಟಿಯಾಗಿ ಕಲಸಿ, ಅಂಗೈಯಗಲ ತೆಳ್ಳಗೆ ತಟ್ಟಿ, ಸಣ್ಣ ಉರಿಯಲ್ಲಿ ಕರಿದ ಈ ವಡೆ ಬೇಗ ಕೆಡುವುದಿಲ್ಲ. ರೈಲಿನ ಪ್ರಯಾಣಿಕರಿಗೆ ಬೇಕಿದ್ದದ್ದೂ ಅದೇ. ಕರಾವಳಿಯಿಂದ ಬಂದವರನ್ನು ಹಳೇ ಮೈಸೂರಿನ ಜನ 'ಘಟ್ಟದ ಕೆಳಗಿನೋರು' ಅನ್ನುತ್ತಿದ್ದರು. ಹೋಟೆಲ್ ಇಟ್ಟ ಮೇಲೆ ಅವರೇ 'ಭಟ್ರು' ಆದರು. ಆ ಕರಾವಳಿಯವರ ಬಾಯಲ್ಲಿ ಇಲ್ಲಿನವರು 'ಘಟ್ಟದವರು'!

ಹೊಸಬರಿಗೆ ಹೆಸರಿಡುವ ಚಟ ಎಲ್ಲ ಕಡೆಯೂ ಇದೆ. ಅಮೆರಿಕದಲ್ಲೇ ಹುಟ್ಟಿ ಬೆಳೆದ ನಮ್ಮವರ ಮಕ್ಕಳು ಊರಿನಿಂದ ಈಗಷ್ಟೇ ಇಳಿದವರನ್ನು 'ಫಾಬ್' (ಫ್ರೆಶ್ ಆಫ್ ದ ಬೋಟ್) ಎಂದು ಕಿಚಾಯಿಸುತ್ತಾರೆ. ಮಂಡ್ಯದ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಅವನ 'ಬತ್ತೀನಿ', 'ಓಯ್ತೀನಿ' ಕೇಳಿ ನಗುವವರಿದ್ದಾರೆ. ಆ ನಗೆ ಎಷ್ಟು ಚುಚ್ಚುತ್ತದೆಂದು ಬಲ್ಲ ಜಿಲ್ಲೆಯೂ ತನ್ನಲ್ಲಿಗೆ ಬಂದವರಿಗೆ ಅಡ್ಡಹೆಸರು ಇಡದೆ ಬಿಟ್ಟಿಲ್ಲ.

ಇಲ್ಲಿನ ವಲಸೆಯ ಕಥೆ ಹಳೆಯದು. ಕೃಷ್ಣದೇವರಾಯ 1516ರಲ್ಲಿ ಗೋವಿಂದರಾಜರೆಂಬ ಗುರುಗಳಿಗೆ ಮಂಡ್ಯವನ್ನು ಅಗ್ರಹಾರವಾಗಿ ಕೊಟ್ಟ ಎಂಬುದು ಪ್ರಸಿದ್ಧ. ಮನೆಯಲ್ಲಿ ತಮಿಳು ಆಡುವ ಶ್ರೀವೈಷ್ಣವರು ಇಲ್ಲಿ ನೆಲೆ ನಿಂತರು, 'ಮಂಡ್ಯಂ ಅಯ್ಯಂಗಾರ್' ಎಂದು ಹೆಸರಾದರು. ಅವರ ತಮಿಳಿನೊಳಗೆ ಕನ್ನಡ ಹಾಸುಹೊಕ್ಕಾಯಿತು. ಮೇಲುಕೋಟೆಯ ಅಯ್ಯಂಗಾರ್ ಮನೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ 'ಗೋಕುಲ ನಿರ್ಗಮನ' ಬರೆದರು. ಅವರನ್ನು ಹೊರಗಿನವರೆಂದು ಎಣಿಸುವ ಕನ್ನಡಿಗ ಇಲ್ಲ. ಅದೇ ಮೇಲುಕೋಟೆಯಲ್ಲಿ 1948ರಲ್ಲಿ ಹುಟ್ಟಿದ ಜಯಲಲಿತಾ ಮುಂದೆ ತಮಿಳುನಾಡಿನ ಮುಖ್ಯಮಂತ್ರಿಯಾದರು. ಕಾವೇರಿ ನೀರಿಗಾಗಿ ಮಂಡ್ಯದ ರೈತರು ಘೋಷಣೆ ಕೂಗಿದ್ದು ಅವರ ವಿರುದ್ಧವೇ.

ಇದೇ ಜಿಲ್ಲೆಯ ಮಳವಳ್ಳಿ ಗಡಿನಾಡಾಗಿತ್ತು ಎಂಬುದು ಈಗ ಎಷ್ಟು ಜನಕ್ಕೆ ನೆನಪಿದೆ? ಶಿವನಸಮುದ್ರದಲ್ಲಿ ಗಗನಚುಕ್ಕಿ ಜಲಪಾತ ಮಳವಳ್ಳಿ ಕಡೆಗೆ, ಭರಚುಕ್ಕಿ ಕೊಳ್ಳೇಗಾಲದ ಕಡೆಗೆ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೂ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹೊಳೆ ದಾಟಿದರೆ ಬೇರೆ ಸರ್ಕಾರ, ಮನೆಗಳಲ್ಲಿ ಮಾತ್ರ ಅದೇ ಕನ್ನಡ. ಕೊಯಮತ್ತೂರು, ಈರೋಡು, ಸೇಲಂ ಸೀಮೆಯ ಕೊಂಗುನಾಡಿನಿಂದಲೇ ತಮಿಳರಿಗೆ 'ಕೊಂಗರು' ಎಂಬ ಮಾತು ಬಂದದ್ದು. ಶಾಸನಗಳಲ್ಲಿ ತಮಿಳರಿಗೆ 'ತಿಗುಳ' ಎಂಬ ಹೆಸರಿದೆ. ಆಗ ಅದು ಬರೀ ಗುರುತು. 'ಕೊಂಗ' ಇಂದು ಬೈಗುಳ.

ಆ ಬೈಗುಳ ಯಾರ ಮೇಲೆ ಬಿತ್ತು? ಅಗ್ರಹಾರ ಪಡೆದವರ ಮೇಲಲ್ಲ. ಕನ್ನಂಬಾಡಿ ಕಟ್ಟೆ, ನಾಲೆಗಳ ಕಾಲದಿಂದ ಮಣ್ಣು ಹೊರಲು, ಕಲ್ಲು ಒಡೆಯಲು ಬಂದ ಕೂಲಿಯವರ ಮೇಲೆ. ನಾಲೆಯ ನೀರು ಹರಿದು ಕಬ್ಬು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು, ಮಂಡ್ಯ 'ಸಕ್ಕರೆ ನಾಡು' ಆಯಿತು. ಮಣ್ಣು ಹೊತ್ತವರಿಗೆ ಸಿಕ್ಕಿದ್ದು ಗುಡಿಸಲು. ಮಂಡ್ಯ ನಗರದಲ್ಲಿ ಮಿಮ್ಸ್ ಆಸ್ಪತ್ರೆಗೆ ಹೊಂದಿಕೊಂಡ ಬಡಾವಣೆಗೆ ಇವತ್ತಿಗೂ 'ತಮಿಳು ಕಾಲೋನಿ' ಎಂದೇ ಹೆಸರು. ಅಲ್ಲಿನ ಮಕ್ಕಳ ಕನ್ನಡಕ್ಕೂ ಪಕ್ಕದ ಬೀದಿಯ ಮಕ್ಕಳ ಕನ್ನಡಕ್ಕೂ ವ್ಯತ್ಯಾಸ ಹುಡುಕಬೇಕು. ಆಸ್ಪತ್ರೆಗೆ ಜಾಗ ಬಿಡಿ ಎಂಬ ತಕರಾರು ವರ್ಷಗಟ್ಟಲೆ ನಡೆದು ನ್ಯಾಯಾಲಯದ ಮೆಟ್ಟಿಲೇರಿತು. 1991ರ ಡಿಸೆಂಬರಿನಲ್ಲಿ ಕಾವೇರಿ ಗಲಭೆ ಬೆಂಗಳೂರು, ಮೈಸೂರು ಭಾಗಕ್ಕೆ ಹಬ್ಬಿದಾಗ ಏಟು ತಿಂದವರೂ ಹೆಚ್ಚಾಗಿ ಇಂಥ ಕೂಲಿಕಾರ ತಮಿಳರೇ. ಭಾಷೆ ಕಲಿತರೆ ಹೊರಗಿನವನೆಂಬ ಹೆಸರು ಹೋಗುತ್ತದೆ ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಜಮೀನೋ ಅಂಗಡಿಯೋ ಇದ್ದವರಿಗೆ ಅದು ಬೇಗ ಹೋಯಿತು, ಇಲ್ಲದವರಿಗೆ ಅಂಟಿಯೇ ಉಳಿಯಿತು.

ಈಗಿನ ಸರದಿ ಆಲೆಮನೆಗಳದ್ದು. ಕಬ್ಬು ಕಡಿಯಲು ತಂಡ ಕಟ್ಟಿಕೊಂಡು ಬರುವ ಬಳ್ಳಾರಿ ಸೀಮೆಯವರದೂ ಕನ್ನಡವೇ. ಆದರೂ 'ಬರ್ರಿ, ಹೋಗ್ರಿ' ಎಂದ ಕೂಡಲೇ ಅವರು 'ಬಳ್ಳಾರಿಯೋರು'. ಕೊಪ್ಪರಿಗೆಯ ಮುಂದೆ ಉತ್ತರ ಪ್ರದೇಶ, ಬಿಹಾರದವರು. ಅವರು 'ಹಿಂದಿಯೋರು', 'ಭಯ್ಯಾಗಳು'. ಕುದಿಯುವ ಪಾಕದ ಒಂದು ತೊಟ್ಟನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡಿ, 'ಬಂತು ಕಣಣ್ಣ' ಎಂದು ಮಾಲೀಕನಿಗೆ ಹೇಳುವಷ್ಟು ಮಂಡ್ಯದ ಕನ್ನಡ ಅವರ ನಾಲಿಗೆಗೆ ಹತ್ತಿದೆ. ಕೆಲವರು ಆಲೆಮನೆಗಳನ್ನೇ ಗುತ್ತಿಗೆ ಹಿಡಿದಿದ್ದಾರೆ. ಸಂಸಾರ ಮಾತ್ರ ಪಕ್ಕದ ಶೆಡ್ಡಿನಲ್ಲಿ.

ಆ ಶೆಡ್ಡಿನ ಮಕ್ಕಳ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಆರರಿಂದ ಹದಿನಾಲ್ಕು ವರ್ಷದ ಯಾವ ಮಗುವಿಗೂ ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಕಬ್ಬು ಅರೆಯಲು ಶುರುವಾಗುವ ಮುಂಚೆಯೇ ಊರಿನ ಮೇಷ್ಟ್ರು, ಪಂಚಾಯಿತಿಯವರು ಆಲೆಮನೆಗಳಿಗೆ ಹೋಗಿ ಈ ಮಕ್ಕಳ ಹೆಸರು ಬರೆದುಕೊಳ್ಳಬೇಕು.