ಕಿತ್ತೂರಿನ ನೆರೆಯ ದೇಗಾಂವೆ

ಬೆಳಗಾವಿ–ಧಾರವಾಡಗಳ ನಡುವಣ ಹೆದ್ದಾರಿಯಲ್ಲಿ ಸಾಗುವವರು ಕಿತ್ತೂರನ್ನು ಕಾಣದೆ ಮುಂದೆ ಹೋಗುವುದು ವಿರಳ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಸಾಹೇಬನು ಮಡಿದ ಕೋಟೆಯನ್ನು ನೋಡಿ, ವಿರಾಮವಿದ್ದವರು ಚೆನ್ನಮ್ಮ ರಾಣಿಯ ಸಮಾಧಿಯಿರುವ ಬೈಲಹೊಂಗಲಕ್ಕೂ ಹೋಗಿಬರುತ್ತಾರೆ. ಆದರೆ ಕಿತ್ತೂರಿಗೆ ನೈಋತ್ಯದಲ್ಲಿ, ಐದಾರು ಕಿಲೋಮೀಟರುಗಳಷ್ಟೇ ದೂರದಲ್ಲಿ, ಇನ್ನೊಬ್ಬ ರಾಣಿಯ ಊರೊಂದುಂಟು. ಅತ್ತ ಗಾಡಿ ತಿರುಗಿಸುವವರು ಕೆಲವರೇ.

ಆ ಊರು ದೇಗಾಂವೆ. ದೇಗಾಂವ, ದೇವಗಾಂವ ಎಂದೂ ಕರೆಯುವುದುಂಟು. ಹೊಲಗಳ ನಡುವಣ ಸಾಧಾರಣ ಹಳ್ಳಿ. ಕಿತ್ತೂರಿನ ಕೀರ್ತಿಯ ನೆರಳಿನಲ್ಲಿ ಮರೆಯಾಗಿ ನಿಂತಿದೆ. ಆದರೆ ಚೆನ್ನಮ್ಮನ ಕಾಳಗಕ್ಕೆ ಆರೂವರೆ ಶತಮಾನಗಳಷ್ಟು ಹಿಂದೆಯೇ, 1174ರಲ್ಲಿ, ಇಲ್ಲಿ ಕಮಲನಾರಾಯಣ ದೇವಾಲಯವು ಎದ್ದಿತು. ಕಟ್ಟಿಸಿದವಳು ಗೋವೆಯ ಕದಂಬರ ಅರಸು ಶಿವಚಿತ್ತ ಪೆರ್ಮಾಡಿಯ ಪಟ್ಟದರಸಿ ಕಮಲಾದೇವಿ. ಗೋವೆಯ ಕದಂಬರು ತಮ್ಮ ಶಾಸನಗಳಲ್ಲಿ ಶಕವರ್ಷಕ್ಕೆ ಬದಲಾಗಿ ಕಲಿಯುಗದ ವರ್ಷವನ್ನು ಬಳಸುತ್ತಿದ್ದರೆಂಬುದು ಗಮನಾರ್ಹ. ಆ ಎಣಿಕೆಯಂತೆ ಅದು 4275ನೆಯ ವರ್ಷ. ಊರಿನ ಶಾಸನಪಾಠವು ಕನ್ನಡ ಲಿಪಿಯಲ್ಲಿಯೂ ನಾಗರಿಯಲ್ಲಿಯೂ ದೊರೆತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಓದಿ ಬೆಳಕಿಗೆ ತಂದವರು ಶಾಸನತಜ್ಞ ಫ್ಲೀಟ್.

ದೇವಾಲಯದಲ್ಲಿ ಗರ್ಭಗುಡಿಗಳು ಮೂರು. ಒಂದರಲ್ಲಿ ನಾರಾಯಣ, ಇನ್ನೊಂದರಲ್ಲಿ ಲಕ್ಷ್ಮಿಯನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡ ಲಕ್ಷ್ಮೀನಾರಾಯಣ, ಮತ್ತೊಂದರಲ್ಲಿ ಕಮಲೆ. ಮುಂಭಾಗದ ಕಕ್ಷಾಸನದ ಹೊರಮೈ ಕೆತ್ತನೆಯಿಂದ ತುಂಬಿದೆ. ಅಲ್ಲಿ ಕಾಣುವ ಸಿಂಹವು ಕದಂಬರ ಲಾಂಛನ. ಅವರ ಹೊನ್ನ ನಾಣ್ಯಗಳ ಮೇಲಿದ್ದುದೂ ಇದೇ.

ಈ ದೇವರ ಹೆಸರು ಕುತೂಹಲಕರವಾದದ್ದು. ಕಟ್ಟಿಸಿದವರ ಹೆಸರನ್ನು ದೇವರಿಗಿಡುವ ರೂಢಿ ನಮ್ಮ ನಾಡಿನಲ್ಲಿ ಹಳೆಯದು. ಎಂಟನೆಯ ಶತಮಾನದಲ್ಲಿ ಚಾಲುಕ್ಯರ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯ ದೇವರು ಲೋಕೇಶ್ವರನಾಗಿದ್ದನು. ಜನರ ಬಾಯಲ್ಲಿ ಆ ಹೆಸರು ಉಳಿಯಲಿಲ್ಲ. ಗುಡಿ ಇಂದು ವಿರೂಪಾಕ್ಷನದು. ಅಷ್ಟು ದೊಡ್ಡ ಗುಡಿಯನ್ನು ಕಟ್ಟಿಸಿಯೂ ಲೋಕಮಹಾದೇವಿಗೆ ದಕ್ಕದಿದ್ದ ಭಾಗ್ಯ ಕಮಲಾದೇವಿಗೆ ಈ ಸಣ್ಣ ಊರಿನಲ್ಲಿ ದಕ್ಕಿತು. ಕಮಲೆಯೆಂದರೆ ಲಕ್ಷ್ಮಿಯೇ ಅಲ್ಲವೆ! ದೇವಿಯ ಹೆಸರಿನೊಳಗೆ ಅಡಗಿದ ರಾಣಿಯ ಹೆಸರನ್ನು ಭಕ್ತರು ಅರಿತೋ ಅರಿಯದೆಯೋ ಉಚ್ಚರಿಸುತ್ತಲೇ ಬಂದಿದ್ದಾರೆ. ಇದು ಅರಸಿಯ ಜಾಣ್ಮೆಯೋ ಕೇವಲ ಯೋಗಾಯೋಗವೋ, ವಾಚಕರೇ ತೀರ್ಮಾನಿಸಲಿ.

ಗುಡಿಯನ್ನು ಕಟ್ಟಿದ ಕೈಗಳಿಗೂ ಇಲ್ಲಿ ಮರವೆ ಸಂದಿಲ್ಲ. ಶಿಲ್ಪಿಯ ಹೆಸರು ತಿಪ್ಪೋಜ. ‘ಓಜ’ ಎಂಬುದು ಉಪಾಧ್ಯಾಯ ಶಬ್ದದಿಂದ ಬಂದುದು. ಕಲ್ಲುಕೆಲಸದ ಗುರುವಿಗೆ ಅಂದು ಆ ಗೌರವವಿತ್ತು. ಚೆನ್ನಮ್ಮನ ಕಿತ್ತೂರಿನ ಅರಮನೆ ಇಂದು ಬರಿಯ ಗೋಡೆಗಳಾಗಿ ನಿಂತಿದೆ. ತಿಪ್ಪೋಜನ ಗುಡಿ ಎಂಟೂವರೆ ಶತಮಾನಗಳ ಮಳೆಯನ್ನು ತಡೆದು ನಿಂತಿದೆ. ನೋಡುವವರಿಗೆ ಕಿತ್ತೂರಿನಿಂದ ಬೇಕಾದದ್ದು ಅರ್ಧ ದಿನ ಮಾತ್ರ.